ರೈತ ಮಹಿಳೆಯ ಗರ್ಭಕೋಶದ ಆರೋಗ್ಯ: ಮುಚ್ಚಿಡುವುದೂ ಬೇಡ, ಆತುರದಲ್ಲಿ ತೆಗೆಸುವುದೂ ಬೇಡ

ಪೀಠಿಕೆ

ತುಮಕೂರು ನಗರದ ಅಂಚಿನಲ್ಲಿರುವ ಮರಳೂರಿನಿಂದ ಕುಣಿಗಲ್ ರಸ್ತೆಯ ಗುಂಟ ಸಾಗಿದರೂ, ಗುಬ್ಬಿಯ ಕಡೆಗೆ ಹೊರಳಿದರೂ ತೆಂಗು, ಅಡಿಕೆ, ರಾಗಿ, ಅವರೆ ಹಾಗೂ ಹೈನುಗಾರಿಕೆಯನ್ನು ನೆಚ್ಚಿದ ಕುಟುಂಬಗಳೇ ಹೆಚ್ಚು. ಕಳೆ ಕೀಳುವುದು, ರಾಗಿ ತೆನೆ ಕೊಯ್ಯುವುದು, ಅಡಿಕೆ ಸುಲಿಯುವುದು, ಹುಣಸೆಹಣ್ಣು ಕುಟ್ಟಿ ಬಿಡಿಸುವುದು, ಹುಲ್ಲಿನ ಹೊರೆ ಹೊರುವುದು, ಕೊಟ್ಟಿಗೆ ಶುಚಿ ಮಾಡಿ ಹಾಲು ಕರೆಯುವುದು ಇವೆಲ್ಲವೂ ಬಹುಪಾಲು ಮಹಿಳೆಯರ ಕೈಯಲ್ಲೇ ನಡೆಯುತ್ತವೆ. ಈ ದುಡಿಮೆಗೆ ಆಧಾರವಾಗಿರುವ ದೇಹದ ಬಗ್ಗೆ, ಅದರಲ್ಲಿಯೂ ಸಂತಾನೋತ್ಪತ್ತಿಯ ಅಂಗಗಳ ಬಗ್ಗೆ, ಮನೆಯಲ್ಲಿ ಮಾತು ನಡೆಯುವುದು ಮಾತ್ರ ಅಪರೂಪ.

ಹಸು ಬೆದೆಗೆ ಬಂದ ದಿನ, ಕೃತಕ ಗರ್ಭಧಾರಣೆ ಮಾಡಿಸಿದ ದಿನ, ಕರು ಹಾಕಬೇಕಾದ ದಿನ ಇವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಮನೆಗಳಲ್ಲಿ, ಆ ಹಸುವಿನ ಆರೈಕೆ ಮಾಡುವ ಮಹಿಳೆಯ ಮುಟ್ಟಿನ ದಿನದ ಗುರುತು ಇರುವುದಿಲ್ಲ. ತೊಂದರೆ ಕಾಣಿಸಿಕೊಂಡಾಗ ವರ್ಷಗಟ್ಟಲೆ ಹೇಳದೆ ಸಹಿಸುವುದು, ಸಹಿಸಲಾಗದ ಹಂತ ತಲುಪಿದ ಮೇಲೆ ಒಂದೇ ಭೇಟಿಯಲ್ಲಿ ಗರ್ಭಕೋಶವನ್ನೇ ತೆಗೆಸಲು ಒಪ್ಪಿಬಿಡುವುದು ನಮ್ಮ ಗ್ರಾಮೀಣ ಪ್ರದೇಶದಲ್ಲಿ ಕಂಡುಬರುವ ಎರಡು ತಪ್ಪುಗಳು. ಮೊದಲನೆಯದೇ ಎರಡನೆಯದಕ್ಕೆ ದಾರಿ ಮಾಡಿಕೊಡುತ್ತದೆ. ಹೆಣ್ಣಿನ ಸಂತಾನೋತ್ಪತ್ತಿ ಅಂಗಗಳ ರಚನೆ, ಅವುಗಳ ಕಾರ್ಯ, ಸಾಮಾನ್ಯವಾಗಿ ಕಾಣುವ ತೊಂದರೆಗಳು ಮತ್ತು ಅನುಸರಿಸಬೇಕಾದ ಕ್ರಮಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಅಂಗಗಳ ರಚನೆ ಮತ್ತು ಕಾರ್ಯ

ಹೆಣ್ಣಿನ ಕಿಬ್ಬೊಟ್ಟೆಯಲ್ಲಿ, ಮುಂದೆ ಮೂತ್ರಕೋಶ ಮತ್ತು ಹಿಂದೆ ಗುದನಾಳದ ನಡುವೆ ಗರ್ಭಕೋಶವಿರುತ್ತದೆ. ಇದು ತಲೆಕೆಳಗಾದ ಸೀಬೆಹಣ್ಣಿನ ಆಕಾರದ, ದಪ್ಪ ಮಾಂಸಖಂಡದ ಚೀಲ. ಬಸುರಿಯಲ್ಲದ ಮಹಿಳೆಯಲ್ಲಿ ಇದರ ಉದ್ದ ಸುಮಾರು 7.5 ಸೆಂ.ಮೀ., ಅಗಲ ಸುಮಾರು 5 ಸೆಂ.ಮೀ. ಇರುತ್ತದೆ. ಇದರ ಕೆಳತುದಿಯ ಕಿರಿದಾದ ಭಾಗವೇ ಗರ್ಭಕೊರಳು. ಗರ್ಭಕೊರಳು ಯೋನಿಮಾರ್ಗಕ್ಕೆ ತೆರೆದುಕೊಳ್ಳುತ್ತದೆ. ಗರ್ಭಕೋಶದ ಮೇಲ್ಭಾಗದ ಎರಡು ಪಕ್ಕಗಳಿಂದ ಸುಮಾರು 10 ಸೆಂ.ಮೀ. ಉದ್ದದ ಒಂದೊಂದು ಅಂಡನಾಳ ಹೊರಡುತ್ತದೆ. ಅಂಡನಾಳದ ಹೊರತುದಿಯ ಬಳಿ ಬಾದಾಮಿ ಬೀಜದ ಆಕಾರದ ಅಂಡಾಶಯವಿರುತ್ತದೆ.

ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಅಂಡಗಳ ಮೊಳಕೆಗಳಿರುತ್ತವೆ. ಹೊಸದಾಗಿ ಯಾವುದೂ ಹುಟ್ಟುವುದಿಲ್ಲ. ಮೈನೆರೆಯುವ ವೇಳೆಗೆ ಮೂರರಿಂದ ನಾಲ್ಕು ಲಕ್ಷ ಉಳಿದಿದ್ದು, ಜೀವಮಾನದಲ್ಲಿ ಸುಮಾರು 400 ಅಂಡಗಳು ಮಾತ್ರ ಪಕ್ವವಾಗಿ ಬಿಡುಗಡೆಯಾಗುತ್ತವೆ. ಅಂಡಾಶಯದ ಕೆಲಸ ಅಂಡವನ್ನು ಕೊಡುವುದಷ್ಟೇ ಅಲ್ಲ. ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳನ್ನು ಅದು ಸ್ರವಿಸುತ್ತದೆ. ಮೂಳೆಗಳ ಗಟ್ಟಿತನ, ರಕ್ತನಾಳಗಳ ಆರೋಗ್ಯ, ಚರ್ಮದ ತೇವ, ನಿದ್ರೆ ಮತ್ತು ಮನಸ್ಸಿನ ಸಮತೋಲನ ಇವೆಲ್ಲಕ್ಕೂ ಈಸ್ಟ್ರೋಜನ್ನಿನ ಸಂಬಂಧವಿದೆ. ಮಕ್ಕಳಾದ ಮೇಲೆ ಈ ಅಂಗಗಳಿಂದ ಪ್ರಯೋಜನವಿಲ್ಲವೆಂಬ ಮಾತು ಆದ್ದರಿಂದಲೇ ಸರಿಯಲ್ಲ.

ಮುಟ್ಟಿನ ಚಕ್ರ

ಪ್ರತಿ ಚಕ್ರದಲ್ಲಿಯೂ ಗರ್ಭಕೋಶದ ಒಳಪದರವು ಬಿತ್ತನೆಗೆ ಹದಗೊಳಿಸಿದ ಮಣ್ಣಿನಂತೆ ರಕ್ತ ಮತ್ತು ಪೋಷಕಾಂಶಗಳಿಂದ ದಪ್ಪವಾಗುತ್ತದೆ. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡ ಬಿಡುಗಡೆಯಾಗುತ್ತದೆ. ಫಲಿತವಾದ ಅಂಡವು ಬಂದು ನೆಲೆಸದಿದ್ದರೆ ಹಾರ್ಮೋನುಗಳ ಪ್ರಮಾಣ ಇಳಿದು, ಆ ಪದರವು ಕಳಚಿ ರಕ್ತದೊಡನೆ ಹೊರಬರುತ್ತದೆ. ಇದೇ ಮುಟ್ಟು. ಇದರಲ್ಲಿ ಮೈಲಿಗೆಯಾಗಲಿ, ದೇಹದ ಕೆಟ್ಟ ರಕ್ತವಾಗಲಿ ಇರುವುದಿಲ್ಲ. ಮಗುವಿಗಾಗಿ ಸಿದ್ಧವಾಗಿದ್ದ ಪದರವೇ ಹೊರಹೋಗುತ್ತದೆ.

ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ 21ರಿಂದ 35 ದಿನಗಳ ಅಂತರವಿರುವುದು, ಸ್ರಾವವು 2ರಿಂದ 7 ದಿನ ಇರುವುದು ಸಹಜ. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ 30ರಿಂದ 40 ಮಿ.ಲೀ. ರಕ್ತ ಹೋಗುತ್ತದೆ. 80 ಮಿ.ಲೀ. ಮೀರಿದರೆ ಅದನ್ನು ಅತಿಸ್ರಾವವೆಂದು ಪರಿಗಣಿಸಲಾಗುತ್ತದೆ. ಮನೆಯಲ್ಲಿ ಇದನ್ನು ಅಳೆಯಲಾಗದು. ಗಂಟೆಗೊಮ್ಮೆ ಬಟ್ಟೆ ಅಥವಾ ಪ್ಯಾಡ್ ಬದಲಿಸಬೇಕಾಗುವುದು, ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡದಾದ ಹೆಪ್ಪುಗಳು ಬೀಳುವುದು, ಏಳು ದಿನ ಮೀರಿ ಸ್ರಾವ ಮುಂದುವರಿಯುವುದು ಇವು ಅತಿಸ್ರಾವದ ಗುರುತುಗಳು. ಮೈನೆರೆದ ಮೊದಲ ಒಂದೆರಡು ವರ್ಷ ಹಾಗೂ ಮುಟ್ಟು ನಿಲ್ಲುವ ವಯಸ್ಸಿನ ಆಸುಪಾಸಿನಲ್ಲಿ ಚಕ್ರವು ಏರುಪೇರಾಗುವುದುಂಟು. ಹುಡುಗಿಗೆ 15 ವರ್ಷ ತುಂಬಿದರೂ ಮುಟ್ಟು ಆರಂಭವಾಗದಿದ್ದರೆ ವೈದ್ಯರ ಸಲಹೆ ಪಡೆಯಬೇಕು.

ಮುಚ್ಚಿಡುವುದರ ಬೆಲೆ

ಮುಟ್ಟು ಮತ್ತು ಹೆರಿಗೆಯನ್ನು ಸೂತಕವೆಂದು ಎಣಿಸುವ ರೂಢಿ ನಮ್ಮ ಜಿಲ್ಲೆಯಲ್ಲಿ ಇನ್ನೂ ಪೂರ್ಣವಾಗಿ ಅಳಿದಿಲ್ಲ. 2023ರ ಜುಲೈ ತಿಂಗಳಿನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಸೂತಕದ ಕಾರಣದಿಂದ ಊರ ಹೊರಗಿನ ಗುಡಿಸಲಿನಲ್ಲಿ ಇರಿಸಲಾಗಿದ್ದ ಬಾಣಂತಿಯ ಹಸುಗೂಸು ಮಳೆ ಹಾಗೂ ಶೀತಕ್ಕೆ ಸಿಲುಕಿ ಅಸುನೀಗಿತು. ಅದೇ ವರ್ಷ ಗುಬ್ಬಿ ತಾಲ್ಲೂಕಿನ ಹಟ್ಟಿಯೊಂದಕ್ಕೆ ಗುಬ್ಬಿಯ ನ್ಯಾಯಾಧೀಶರೇ ಖುದ್ದಾಗಿ ಭೇಟಿ ನೀಡಿ, ಹೊರಗಿರಿಸಿದ್ದ ಬಾಣಂತಿ ಮತ್ತು ಮಗುವನ್ನು ಮನೆಗೆ ಸೇರಿಸಿದರು. ಮುಟ್ಟಾದ ಅಥವಾ ಹೆತ್ತ ಹೆಣ್ಣನ್ನು ಬಲವಂತದಿಂದ ಊರ ಹೊರಗಿರಿಸುವುದು ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರಗಳ ಪ್ರತಿಬಂಧಕ ಮತ್ತು ನಿರ್ಮೂಲನೆ ಅಧಿನಿಯಮ, 2017ರ ಪ್ರಕಾರ ಶಿಕ್ಷಾರ್ಹ ಅಪರಾಧ.

ಹಟ್ಟಿಯ ಹೊರಗಿನ ಗುಡಿಸಲು ಕಣ್ಣಿಗೆ ಕಾಣುತ್ತದೆ. ಎಲ್ಲ ಜಾತಿ ಹಾಗೂ ವರ್ಗದ ಮನೆಗಳಲ್ಲಿರುವ ಸಂಕೋಚ ಕಣ್ಣಿಗೆ ಕಾಣುವುದಿಲ್ಲ. ಒಗೆದ ಮುಟ್ಟಿನ ಬಟ್ಟೆಯನ್ನು ಬಿಸಿಲಿಗೆ ಹಾಕದೆ ಬೇರೆ ಬಟ್ಟೆಗಳ ಅಡಿಯಲ್ಲಿ ಒಣಗಿಸುವುದು, ಆಶಾ ಕಾರ್ಯಕರ್ತೆಯ ಮುಂದೆಯೂ ಬಿಳಿಸೆರಗಿನ ಮಾತೆತ್ತದಿರುವುದು, ಗಂಡ ಅಥವಾ ಅತ್ತೆಗೆ ಹೇಳಲು ಹಿಂಜರಿಯುವುದು ಇವೂ ಅದೇ ಸಂಕೋಚದ ರೂಪಗಳು. ಇವುಗಳಿಂದಾಗಿ ವಾರದ ಔಷಧಿಯಲ್ಲಿ ಗುಣವಾಗಬಹುದಾದ ಸೋಂಕು ವರ್ಷಗಳ ಹೊಟ್ಟೆನೋವಾಗಿ ಬೆಳೆಯುತ್ತದೆ.

ಸಾಮಾನ್ಯವಾಗಿ ಕಂಡುಬರುವ ತೊಂದರೆಗಳು

1. ರಕ್ತಹೀನತೆ

2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 44.8 ಇತ್ತು. ಬಸುರಿಯಲ್ಲದ ಮಹಿಳೆಯ ರಕ್ತದಲ್ಲಿ ಹಿಮೋಗ್ಲೋಬಿನ್ ಪ್ರತಿ 100 ಮಿ.ಲೀ.ಗೆ 12 ಗ್ರಾಂಗಿಂತ, ಬಸುರಿಯಲ್ಲಿ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆಯೆಂದು ತಿಳಿಯಬೇಕು. ಏದುಸಿರು, ಸುಸ್ತು, ತಲೆಸುತ್ತು, ಬಿಳಿಚಿದ ಕಣ್ಣುರೆಪ್ಪೆಯ ಒಳಭಾಗ ಇದರ ಲಕ್ಷಣಗಳು.

ಮುಟ್ಟಿನಲ್ಲಿ ಹೋಗುವ ರಕ್ತದ ಪ್ರತಿ ಮಿಲಿಲೀಟರಿನೊಡನೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣಾಂಶ ನಷ್ಟವಾಗುತ್ತದೆ. ಅತಿಸ್ರಾವವಿರುವ ಮಹಿಳೆ ಊಟದಿಂದ ಪಡೆಯುವುದಕ್ಕಿಂತ ಹೆಚ್ಚನ್ನು ಪ್ರತಿ ತಿಂಗಳೂ ಕಳೆದುಕೊಳ್ಳಬಹುದು. ಇದರ ಜೊತೆಗೆ, ತೇವವಿರುವ ಅಡಿಕೆ ತೋಟ ಹಾಗೂ ಗೊಬ್ಬರದ ಗುಂಡಿಯ ಬಳಿ ಬರಿಗಾಲಿನಲ್ಲಿ ದುಡಿಯುವವರ ಅಂಗಾಲಿನ ಚರ್ಮದ ಮೂಲಕ ಕೊಕ್ಕೆಹುಳು ದೇಹವನ್ನು ಸೇರಿ, ಕರುಳಿನಲ್ಲಿ ನೆಲೆಸಿ ರಕ್ತ ಹೀರುತ್ತದೆ. ಆದಕಾರಣ ತೋಟದಲ್ಲಿ ಚಪ್ಪಲಿ ಅಥವಾ ಬೂಟು ಧರಿಸುವುದು ಮತ್ತು ವೈದ್ಯರ ಸಲಹೆಯಂತೆ ಜಂತುಹುಳುವಿನ ಮಾತ್ರೆ ಸೇವಿಸುವುದು ರಕ್ತಹೀನತೆಯ ಚಿಕಿತ್ಸೆಯ ಭಾಗವೇ ಆಗಿದೆ.

ವಯಸ್ಕ ಮಹಿಳೆಗೆ ದಿನಕ್ಕೆ 29 ಮಿ.ಗ್ರಾಂ ಕಬ್ಬಿಣಾಂಶ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಶಿಫಾರಸು ಮಾಡಿದೆ. ನಮ್ಮ ಮುಖ್ಯ ಆಹಾರವಾದ ರಾಗಿಯಲ್ಲಿ ಸುಣ್ಣಾಂಶ ಹೇರಳ: 100 ಗ್ರಾಂನಲ್ಲಿ ಸುಮಾರು 350 ಮಿ.ಗ್ರಾಂ. ಕಬ್ಬಿಣಾಂಶ ಮಾತ್ರ ಸುಮಾರು 4 ಮಿ.ಗ್ರಾಂ ಇದ್ದು, ಅದರಲ್ಲಿಯೂ ಸ್ವಲ್ಪ ಭಾಗವಷ್ಟೇ ದೇಹಕ್ಕೆ ದಕ್ಕುತ್ತದೆ. ರಾಗಿಯನ್ನು ಮೊಳಕೆ ಬರಿಸಿ ಹಿಟ್ಟು ಮಾಡಿದರೆ ದಕ್ಕುವ ಪ್ರಮಾಣ ಹೆಚ್ಚುತ್ತದೆ. ಮುದ್ದೆಯೊಡನೆ ಮೊಳಕೆ ಹುರುಳಿಯ ಬಸ್ಸಾರು, ನುಗ್ಗೆ ಸೊಪ್ಪು, ದಂಟು, ಅಲಸಂದೆ, ಅವರೆ ಇವನ್ನು ಬಳಸಿ, ಊಟಕ್ಕೆ ನಿಂಬೆರಸ ಹಿಂಡಿಕೊಳ್ಳುವುದು ಅಥವಾ ಸೀಬೆ, ನೆಲ್ಲಿಕಾಯಿ ತಿನ್ನುವುದು ಉತ್ತಮ. ಊಟದ ಜೊತೆಗೆ ಅಥವಾ ಊಟವಾದ ಒಂದು ಗಂಟೆಯೊಳಗೆ ಕಾಫಿ, ಚಹಾ ಕುಡಿದರೆ ಕಬ್ಬಿಣಾಂಶದ ಹೀರಿಕೆ ತಗ್ಗುತ್ತದೆ. ಮಾಂಸಾಹಾರಿಗಳಿಗೆ ಮೊಟ್ಟೆ, ಮೀನು, ಕುರಿಯ ಈಲಿ ಸಹಕಾರಿ.

ರಕ್ತಹೀನತೆ ಉಂಟಾದ ಮೇಲೆ ಆಹಾರವೊಂದೇ ಸಾಲದು. ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುವ ಕಬ್ಬಿಣಾಂಶದ ಮಾತ್ರೆಗಳನ್ನು ಹೇಳಿದಷ್ಟು ದಿನ ಸೇವಿಸಬೇಕು. ಮಲ ಕಪ್ಪಾಗುವುದು ಮಾತ್ರೆಯ ಸಹಜ ಪರಿಣಾಮವಾಗಿದ್ದು, ಅದಕ್ಕೆ ಹೆದರಿ ನಿಲ್ಲಿಸಬಾರದು.

2. ಬಿಳಿಸೆರಗು

ಯೋನಿಯಿಂದ ಸ್ವಲ್ಪ ಪ್ರಮಾಣದ, ವಾಸನೆಯಿಲ್ಲದ, ತಿಳಿಯಾದ ಅಥವಾ ಹಾಲುಬಣ್ಣದ ಸ್ರಾವ ಬರುವುದು ಆರೋಗ್ಯದ ಲಕ್ಷಣ. ಚಕ್ರದ ನಡುವೆ ಅಂಡ ಬಿಡುಗಡೆಯಾಗುವ ದಿನಗಳಲ್ಲಿ ಅದು ಮೊಟ್ಟೆಯ ಬಿಳಿಭಾಗದಂತೆ ಎಳೆಯಾಗಿ ಹೆಚ್ಚುತ್ತದೆ. ಬಸುರಿನಲ್ಲಿಯೂ ಹೆಚ್ಚುತ್ತದೆ. ಇದರಿಂದ ಮೂಳೆ ಕರಗುತ್ತದೆ, ಶಕ್ತಿ ಸೋರಿಹೋಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಬಿಳಿಸೆರಗಿನ ಜೊತೆಗೆ ಸೊಂಟನೋವು, ಸುಸ್ತು ಇದ್ದರೆ ಅದಕ್ಕೆ ರಕ್ತಹೀನತೆ ಅಥವಾ ದುಡಿಮೆಯ ಆಯಾಸವೇ ಕಾರಣವಾಗಿರುವುದು ಹೆಚ್ಚು.

ಸ್ರಾವದ ಸ್ವರೂಪ ಬದಲಾದರೆ ಮಾತ್ರ ಸೋಂಕನ್ನು ಶಂಕಿಸಬೇಕು. ಒಡೆದ ಮೊಸರಿನಂತಿದ್ದು ತೀವ್ರ ತುರಿಕೆಯಿದ್ದರೆ ಶಿಲೀಂಧ್ರದ ಸೋಂಕು, ಬೂದುಬಣ್ಣವಿದ್ದು ಮೀನಿನ ವಾಸನೆಯಿದ್ದರೆ ಬ್ಯಾಕ್ಟೀರಿಯಾಗಳ ಏರುಪೇರು, ಹಸಿರು ಮಿಶ್ರಿತ ಹಳದಿಯಾಗಿ ನೊರೆಯಿದ್ದರೆ ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು ಇರಬಹುದು. ಇವು ಮಾತ್ರೆಗಳಿಂದ ಗುಣವಾಗುವ ತೊಂದರೆಗಳು. ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕಿನಲ್ಲಿ ಪತಿಯೂ ಅದೇ ವೇಳೆಗೆ ಚಿಕಿತ್ಸೆ ಪಡೆಯದಿದ್ದರೆ ಅದು ಮತ್ತೆ ಮತ್ತೆ ಮರುಕಳಿಸುತ್ತದೆ. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಈ ಚಿಕಿತ್ಸೆ ಗೌಪ್ಯವಾಗಿ ದೊರೆಯುತ್ತದೆ. ಸೋಂಕನ್ನು ಹಾಗೆಯೇ ಬಿಟ್ಟರೆ ಅದು ಗರ್ಭಕೋಶ ಮತ್ತು ಅಂಡನಾಳಗಳಿಗೆ ಏರಿ, ನಿರಂತರ ಕಿಬ್ಬೊಟ್ಟೆ ನೋವಿಗೂ ಬಂಜೆತನಕ್ಕೂ ಕಾರಣವಾಗಬಹುದು. ಯೋನಿಯ ಒಳಭಾಗವನ್ನು ಸೋಪು, ಡೆಟಾಲ್ ಮುಂತಾದವುಗಳಿಂದ ತೊಳೆಯಬಾರದು. ಅಲ್ಲಿರುವ ರಕ್ಷಕ ಜೀವಾಣುಗಳು ಅದರಿಂದ ನಾಶವಾಗುತ್ತವೆ.

3. ಉರಿಮೂತ್ರ

ಹೊಲದಲ್ಲಿ ಶೌಚಾಲಯದ ಅನುಕೂಲವಿಲ್ಲದ ಕಾರಣ ಮಹಿಳೆಯರು ನೀರು ಕುಡಿಯುವುದನ್ನು ಕಡಿಮೆ ಮಾಡಿ, ಮೂತ್ರವನ್ನು ಗಂಟೆಗಟ್ಟಲೆ ತಡೆಹಿಡಿಯುತ್ತಾರೆ. ಹೆಣ್ಣಿನ ಮೂತ್ರನಾಳ ಬಹಳ ಚಿಕ್ಕದಾದ್ದರಿಂದ ಸೋಂಕು ಬೇಗ ಮೂತ್ರಕೋಶವನ್ನು ತಲುಪುತ್ತದೆ. ಕೂಲಿಯಾಳುಗಳನ್ನು ಕರೆಯುವ ತೋಟದ ಮಾಲೀಕರು ಕುಡಿಯುವ ನೀರಿನ ಜೊತೆಗೆ ಮರೆಯಾದ ಒಂದು ಶೌಚದ ಜಾಗವನ್ನೂ ಒದಗಿಸುವುದು ಅವರ ಹೊಣೆ. ಜ್ವರ, ಚಳಿ, ಬೆನ್ನಿನ ಪಕ್ಕದ ನೋವು ಜೊತೆಗೂಡಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

4. ಅತಿಸ್ರಾವ ಮತ್ತು ನಾರುಗಡ್ಡೆ

ಗರ್ಭಕೋಶದ ಮಾಂಸಖಂಡದಲ್ಲಿ ಬೆಳೆಯುವ, ವೈದ್ಯರು ಫೈಬ್ರಾಯ್ಡ್ ಎಂದು ಕರೆಯುವ ನಾರುಗಡ್ಡೆಗಳು ಬಹಳ ಸಾಮಾನ್ಯ. ಅವು ಕ್ಯಾನ್ಸರ್ ಅಲ್ಲ. ಅನೇಕರಲ್ಲಿ ಅವುಗಳಿಂದ ಯಾವ ತೊಂದರೆಯೂ ಇರುವುದಿಲ್ಲ. ಮುಟ್ಟು ನಿಂತ ಮೇಲೆ ಅವು ತಾವಾಗಿಯೇ ಕುಗ್ಗುತ್ತವೆ. ಸ್ಕ್ಯಾನಿಂಗ್ ವರದಿಯಲ್ಲಿ ಗಡ್ಡೆಯೆಂಬ ಪದ ಕಂಡೊಡನೆ ಶಸ್ತ್ರಚಿಕಿತ್ಸೆಗೆ ಓಡುವ ಅಗತ್ಯವಿಲ್ಲ. ಅತಿಸ್ರಾವವಿದ್ದರೆ ರಕ್ತಸ್ರಾವ ತಗ್ಗಿಸುವ ಮಾತ್ರೆ, ಹಾರ್ಮೋನ್ ಮಾತ್ರೆ, ಗರ್ಭಕೋಶದೊಳಗೆ ಅಳವಡಿಸುವ ಹಾರ್ಮೋನ್ ಸಾಧನ ಹೀಗೆ ಹಂತ ಹಂತದ ಚಿಕಿತ್ಸೆಗಳಿವೆ. ಗರ್ಭಕೋಶ ಉಳಿಸಿಕೊಂಡು ಗಡ್ಡೆಯನ್ನಷ್ಟೇ ತೆಗೆಯುವುದೂ ಸಾಧ್ಯವಿದೆ. ಥೈರಾಯ್ಡ್ ಗ್ರಂಥಿಯ ಏರುಪೇರೂ ಮುಟ್ಟನ್ನು ಕೆಡಿಸುವುದರಿಂದ ಅದರ ರಕ್ತಪರೀಕ್ಷೆ ಮಾಡಿಸುವುದು ಉಚಿತ.

5. ಮುಟ್ಟು ತಪ್ಪುವುದು ಮತ್ತು ಬಂಜೆತನ

ಎರಡು ಮೂರು ತಿಂಗಳಿಗೊಮ್ಮೆ ಮುಟ್ಟಾಗುವುದು, ತೂಕ ಹೆಚ್ಚುವುದು, ಮುಖದಲ್ಲಿ ಮೊಡವೆ ಮತ್ತು ಕೂದಲು ಬೆಳೆಯುವುದು ಪಿಸಿಓಎಸ್ ಎಂಬ ಹಾರ್ಮೋನ್ ಏರುಪೇರಿನ ಲಕ್ಷಣಗಳು. ದೇಹದ ತೂಕದಲ್ಲಿ ಶೇ. 5ರಿಂದ 10ರಷ್ಟನ್ನು ಇಳಿಸಿದರೆ ಅನೇಕರಲ್ಲಿ ಚಕ್ರವು ಸರಿಹೋಗುತ್ತದೆ. ದಂಪತಿಗಳು ಒಂದು ವರ್ಷ ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದಾಗ ಇಬ್ಬರೂ ಪರೀಕ್ಷೆಗೊಳಗಾಗಬೇಕು. ಕಾರಣವು ಗಂಡಸಿನಲ್ಲಿರುವ ಸಂದರ್ಭಗಳು ಅಪರೂಪವಲ್ಲ, ಮತ್ತು ಗಂಡಸಿನ ವೀರ್ಯಪರೀಕ್ಷೆ ಹೆಣ್ಣಿನ ಪರೀಕ್ಷೆಗಳಿಗಿಂತ ಸುಲಭ. ಹೆಣ್ಣಿಗಷ್ಟೇ ಬಂಜೆಯೆಂಬ ಹೆಸರು ಹೊರಿಸುವುದು ಅನ್ಯಾಯವೂ ಅವೈಜ್ಞಾನಿಕವೂ ಆಗಿದೆ. ಗರ್ಭಕೋಶ ಮತ್ತು ಅಂಡನಾಳದ ಕ್ಷಯರೋಗವೂ ನಮ್ಮ ದೇಶದಲ್ಲಿ ಬಂಜೆತನಕ್ಕೆ ಒಂದು ಕಾರಣವಾಗಿದ್ದು, ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆಯಿದೆ.

6. ಗರ್ಭಕೋಶ ಜಾರುವಿಕೆ

ಗರ್ಭಕೋಶವನ್ನು ಹಿಡಿದಿಡುವ ಸ್ನಾಯು ಮತ್ತು ಕಟ್ಟುಗಳು ಸಡಿಲವಾದಾಗ ಅದು ಯೋನಿಮಾರ್ಗಕ್ಕೆ ಇಳಿಯುತ್ತದೆ. ಅಡಿಭಾಗ ಜಗ್ಗಿದಂತಾಗುವುದು, ಏನೋ ಹೊರಬಂದಂತೆ ಅನಿಸುವುದು, ಕೆಮ್ಮಿದಾಗ ಮೂತ್ರ ಸೋರುವುದು ಇದರ ಲಕ್ಷಣಗಳು. ಒಂದರ ಹಿಂದೊಂದು ಹೆರಿಗೆ, ಹೆರಿಗೆಯಾದ ಕೆಲವೇ ದಿನಗಳಲ್ಲಿ ಹೊರೆ ಹೊರುವುದು, ಹೊಗೆಯೊಲೆಯಿಂದ ಬರುವ ದೀರ್ಘಕಾಲದ ಕೆಮ್ಮು ಹಾಗೂ ಮಲಬದ್ಧತೆ ಇದಕ್ಕೆ ಪೂರಕ ಕಾರಣಗಳು.

ಹೆರಿಗೆಯ ನಂತರ ಕನಿಷ್ಠ ಆರು ವಾರ ನೀರಿನ ಕೊಡ, ಹುಲ್ಲಿನ ಹೊರೆ, ಮೇವಿನ ಮೂಟೆ ಎತ್ತಬಾರದು. ಮೂತ್ರವನ್ನು ತಡೆಹಿಡಿಯುವಾಗ ಬಿಗಿಯಾಗುವ ಸ್ನಾಯುಗಳನ್ನು ಬಿಗಿಹಿಡಿದು ಐದರವರೆಗೆ ಎಣಿಸಿ ಸಡಿಲಿಸುವ ವ್ಯಾಯಾಮವನ್ನು ಒಮ್ಮೆಗೆ ಹತ್ತು ಸಲದಂತೆ ದಿನಕ್ಕೆ ಮೂರು ಬಾರಿ, ಕನಿಷ್ಠ ಮೂರು ತಿಂಗಳು ಮಾಡಿದರೆ ಆರಂಭದ ಹಂತದ ಜಾರುವಿಕೆಯಲ್ಲಿ ಸುಧಾರಣೆ ಕಾಣಬಹುದು. ಗರ್ಭಕೋಶವನ್ನು ಮೇಲೆತ್ತಿ ಹಿಡಿಯುವ ಬಳೆಯಾಕಾರದ ಸಾಧನವನ್ನು ವೈದ್ಯರು ಅಳವಡಿಸುತ್ತಾರೆ. ತೀವ್ರ ಹಂತದಲ್ಲಿ ಮಾತ್ರ ಶಸ್ತ್ರಚಿಕಿತ್ಸೆ ಅಗತ್ಯ. ಕುಕ್ಕುರುಗಾಲಿನಲ್ಲಿ ಕಳೆ ಕೀಳುವ ಬದಲು ನಿಂತು ತಳ್ಳುವ ಸೈಕಲ್ ಎಡೆಕುಂಟೆ ಬಳಸುವುದು, ಅಡಿಕೆ ಸುಲಿಯುವಾಗ ಎತ್ತರದ ಮಣೆಯ ಮೇಲೆ ಕುಳಿತು ಗಂಟೆಗೊಮ್ಮೆ ಎದ್ದು ಓಡಾಡುವುದು, ಒಂದು ದೊಡ್ಡ ಹೊರೆಯನ್ನು ಎರಡು ಮಾಡಿಕೊಳ್ಳುವುದು ಸೊಂಟ ಹಾಗೂ ಕಿಬ್ಬೊಟ್ಟೆಯ ಮೇಲಿನ ಒತ್ತಡವನ್ನು ತಗ್ಗಿಸುತ್ತವೆ.

7. ಗರ್ಭಕೊರಳಿನ ಕ್ಯಾನ್ಸರ್

ಸ್ತನ ಕ್ಯಾನ್ಸರ್ ಬಿಟ್ಟರೆ ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚು ಕಂಡುಬರುವುದು ಗರ್ಭಕೊರಳಿನ ಕ್ಯಾನ್ಸರ್. ಎಚ್‌ಪಿವಿ ಎಂಬ ವೈರಾಣು ಇದಕ್ಕೆ ಮೂಲ. ಸೋಂಕು ತಗಲಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಆ ಅವಧಿಯಲ್ಲಿ ಪರೀಕ್ಷೆ ಮಾಡಿಸಿದರೆ ಕ್ಯಾನ್ಸರ್ ಆಗುವ ಮೊದಲೇ ತಡೆಯಬಹುದು. ಗರ್ಭಕೊರಳಿಗೆ ದುರ್ಬಲ ಅಸಿಟಿಕ್ ಆಮ್ಲವನ್ನು ಸವರಿ, ಬಿಳುಪಾಗುವ ಭಾಗವನ್ನು ಗುರುತಿಸುವ ಸರಳ ಪರೀಕ್ಷೆಗೆ ಕೆಲವೇ ನಿಮಿಷ ಸಾಕು. ರಾಷ್ಟ್ರೀಯ ಕಾರ್ಯಕ್ರಮದಡಿ 30ರಿಂದ 65 ವರ್ಷದ ಮಹಿಳೆಯರು ಐದು ವರ್ಷಕ್ಕೊಮ್ಮೆ ಇದನ್ನು ಮಾಡಿಸಿಕೊಳ್ಳಬೇಕು. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕಿಸುವುದರಿಂದ ಮುಂದೆ ರಕ್ಷಣೆ ದೊರೆಯುತ್ತದೆ. ಲಸಿಕೆ ಪಡೆದವರೂ 30 ವರ್ಷದ ನಂತರ ಪರೀಕ್ಷೆ ಮಾಡಿಸುವುದನ್ನು ಬಿಡಬಾರದು.

ಮುಟ್ಟಿನ ದಿನಗಳ ಶುಚಿತ್ವ

ಬಟ್ಟೆಯಾಗಲಿ ಪ್ಯಾಡ್ ಆಗಲಿ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಬಟ್ಟೆಯನ್ನು ಸೋಪಿನಿಂದ ತೊಳೆದು ನೇರ ಬಿಸಿಲಿನಲ್ಲಿ ಒಣಗಿಸಬೇಕು. ಹದಿಹರೆಯದ ಹೆಣ್ಣುಮಕ್ಕಳಿಗೆ ಉಚಿತ ಪ್ಯಾಡ್ ನೀಡುವ ಶುಚಿ ಯೋಜನೆಯನ್ನು ರಾಜ್ಯ ಸರ್ಕಾರ 2013-14ರಲ್ಲಿ ಆರಂಭಿಸಿತು. ಬಳಸಿದ ಪ್ಯಾಡನ್ನು ಕಾಲುವೆ, ಕೆರೆ ಅಥವಾ ಗೊಬ್ಬರದ ಗುಂಡಿಗೆ ಎಸೆಯಬಾರದು. ಅದರಲ್ಲಿರುವ ಪ್ಲಾಸ್ಟಿಕ್ ಮಣ್ಣಿನಲ್ಲಿ ಕರಗುವುದಿಲ್ಲ. ಕೀಟನಾಶಕ ಮುಟ್ಟಿದ ಕೈಯಲ್ಲಿ ಪ್ಯಾಡ್ ಅಥವಾ ಬಟ್ಟೆ ಬದಲಿಸಬಾರದು. ಬಸುರಿ ಹಾಗೂ ಹಾಲೂಡಿಸುವ ತಾಯಂದಿರು ಕೀಟನಾಶಕ ಬೆರೆಸುವ ಮತ್ತು ಸಿಂಪಡಿಸುವ ಕೆಲಸದಿಂದ, ಹಾಗೂ ಸಿಂಪಡಣೆಯ ಬಟ್ಟೆ ಒಗೆಯುವುದರಿಂದ ದೂರವಿರತಕ್ಕದ್ದು.

ಗರ್ಭಕೋಶ ತೆಗೆಸುವ ಮುನ್ನ

2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾ ಮತ್ತು ಹಳ್ಳಿಗಳ ನೂರಾರು ಮಹಿಳೆಯರು, ಅವರಲ್ಲಿ ಅನೇಕರು 40 ವರ್ಷದೊಳಗಿನವರು, ಗರ್ಭಕೋಶ ಕಳೆದುಕೊಂಡಿರುವ ಸಂಗತಿ ಬೆಳಕಿಗೆ ಬಂದಿತು. ಅವರು ಆಸ್ಪತ್ರೆಗೆ ಹೋದದ್ದು ಬಹುತೇಕ ಬಿಳಿಸೆರಗು, ಹೊಟ್ಟೆನೋವು ಹಾಗೂ ಬೆನ್ನುನೋವಿಗಾಗಿ. ತನಿಖೆಯ ನಂತರ ಆರೋಗ್ಯ ಇಲಾಖೆಯು ಕೆಲವು ಖಾಸಗಿ ಆಸ್ಪತ್ರೆಗಳ ಪರವಾನಗಿಯ ಮೇಲೆ ಕ್ರಮ ಕೈಗೊಂಡಿತು. ಇಂತಹ ದೂರುಗಳು ಬೇರೆ ರಾಜ್ಯಗಳಿಂದಲೂ ಬಂದ ಹಿನ್ನೆಲೆಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು 2022ರಲ್ಲಿ ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಹೊರಡಿಸಿತು. ಅದನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್ 5ರಂದು ಎಲ್ಲ ರಾಜ್ಯಗಳಿಗೆ ಸೂಚಿಸಿತು.

ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆದರೆ ಈಸ್ಟ್ರೋಜನ್ ಥಟ್ಟನೆ ನಿಂತು, ಮೂಳೆ ಸವೆತ, ಮೈಬಿಸಿ, ನಿದ್ರಾಹೀನತೆ, ಹೃದಯರೋಗದ ಸಂಭವ ಬೇಗ ಆರಂಭವಾಗುತ್ತವೆ. ಅಂಡಾಶಯಗಳನ್ನು ಉಳಿಸಿದರೂ ಅವು ನಿಗದಿತ ಕಾಲಕ್ಕಿಂತ ಮುಂಚೆ ಕೆಲಸ ನಿಲ್ಲಿಸಬಹುದು. 35ನೆಯ ವಯಸ್ಸಿನಲ್ಲಿ ಬೆನ್ನುನೋವಿಗೆಂದು ಗರ್ಭಕೋಶ ಹಾಗೂ ಅಂಡಾಶಯ ತೆಗೆಸಿದ ಮಹಿಳೆಗೆ, ಮೂಳೆ ಸವೆದು ಬೆನ್ನುನೋವು ಹೆಚ್ಚುವ ಸಂಭವವೇ ಅಧಿಕ. ಈ ಶಸ್ತ್ರಚಿಕಿತ್ಸೆ ಜೀವ ಉಳಿಸುವ ಸಂದರ್ಭಗಳೂ ಇವೆ: ಕ್ಯಾನ್ಸರ್, ಔಷಧಿಗೆ ಬಗ್ಗದ ಅತಿಸ್ರಾವ, ದೊಡ್ಡ ಗಡ್ಡೆಗಳು, ತೀವ್ರ ಜಾರುವಿಕೆ, ಹೆರಿಗೆಯ ವೇಳೆಯ ನಿಲ್ಲದ ರಕ್ತಸ್ರಾವ. ಅಂತಹ ಸಂದರ್ಭದಲ್ಲಿ ಹಿಂಜರಿಯಬಾರದು. ಸಂತಾನಹರಣ ಶಸ್ತ್ರಚಿಕಿತ್ಸೆಯು ಇದಕ್ಕಿಂತ ಬೇರೆ ಎಂಬುದನ್ನೂ ತಿಳಿದಿರಬೇಕು. ಅದರಲ್ಲಿ ಅಂಡನಾಳಗಳನ್ನು ಮಾತ್ರ ಮುಚ್ಚಲಾಗುತ್ತದೆ. ಗರ್ಭಕೋಶ, ಅಂಡಾಶಯ, ಮುಟ್ಟು ಎಲ್ಲವೂ ಹಿಂದಿನಂತೆಯೇ ಇರುತ್ತವೆ.

ತುರ್ತುಸ್ಥಿತಿಯಲ್ಲದಿದ್ದಾಗ ಒಪ್ಪಿಗೆ ಪತ್ರಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕುವ ಮುನ್ನ ವೈದ್ಯರನ್ನು ಕೆಳಗಿನ ಪ್ರಶ್ನೆಗಳನ್ನು ಕೇಳುವುದು ಪ್ರತಿ ಮಹಿಳೆಯ ಹಕ್ಕು:

• ನನಗಿರುವ ರೋಗ ಯಾವುದು? ಅದನ್ನು ಯಾವ ಪರೀಕ್ಷೆಯಿಂದ ಖಚಿತಪಡಿಸಲಾಗಿದೆ?
• ಔಷಧಿ ಅಥವಾ ಸಣ್ಣ ಚಿಕಿತ್ಸೆಯಿಂದ ಗುಣವಾಗುವ ಸಾಧ್ಯತೆಯನ್ನು ನೋಡಲಾಗಿದೆಯೇ?
• ಈಗಲೇ ತೆಗೆಸದಿದ್ದರೆ ಏನಾಗುತ್ತದೆ? ಕೆಲವು ತಿಂಗಳು ಕಾಯಬಹುದೇ?
• ಅಂಡಾಶಯಗಳನ್ನೂ ತೆಗೆಯಲಾಗುತ್ತದೆಯೇ? ಏಕೆ?
• ಗರ್ಭಕೊರಳಿನ ಕ್ಯಾನ್ಸರ್ ಪರೀಕ್ಷೆ ಆಗಿದೆಯೇ? ಹಿಮೋಗ್ಲೋಬಿನ್ ಎಷ್ಟಿದೆ?
• ತೆಗೆದ ಅಂಗವನ್ನು ಪ್ರಯೋಗಾಲಯದ ಪರೀಕ್ಷೆಗೆ ಕಳುಹಿಸಿ ವರದಿ ಕೊಡುವಿರಾ?

ವರದಿಗಳನ್ನು ತೆಗೆದುಕೊಂಡು ಮತ್ತೊಬ್ಬ ಸ್ತ್ರೀರೋಗ ತಜ್ಞರ ಅಭಿಪ್ರಾಯ ಪಡೆಯುವುದು ಮೊದಲ ವೈದ್ಯರಿಗೆ ಮಾಡುವ ಅವಮಾನವಲ್ಲ. ಗುಬ್ಬಿ ಮತ್ತು ಕುಣಿಗಲ್‌ಗಳ ತಾಲ್ಲೂಕು ಆಸ್ಪತ್ರೆ, ತುಮಕೂರಿನ ಜಿಲ್ಲಾ ಆಸ್ಪತ್ರೆಗಳಲ್ಲಿ ಈ ಸಲಹೆ ಕೇಳಬಹುದು. ಕ್ಯಾನ್ಸರ್ ಶಂಕೆಯಿದ್ದಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಲ್ಲಿ ತಜ್ಞ ಚಿಕಿತ್ಸೆ ಲಭ್ಯವಿದೆ.

ತಡಮಾಡಬಾರದ ಲಕ್ಷಣಗಳು

• ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ
• ದೈಹಿಕ ಸಂಪರ್ಕದ ನಂತರ ಅಥವಾ ಎರಡು ಮುಟ್ಟುಗಳ ನಡುವೆ ರಕ್ತಸ್ರಾವವಾದರೆ
• ದುರ್ವಾಸನೆಯ, ರಕ್ತಮಿಶ್ರಿತ ಸ್ರಾವವಿದ್ದರೆ
• ಮುಟ್ಟು ತಪ್ಪಿದ್ದು, ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ತೀವ್ರ ನೋವು ಹಾಗೂ ತಲೆಸುತ್ತು ಬಂದರೆ
• ಜ್ವರದೊಡನೆ ಕಿಬ್ಬೊಟ್ಟೆ ನೋವಿದ್ದರೆ
• ಬಸುರಿನಲ್ಲಿ ರಕ್ತಸ್ರಾವ, ತೀವ್ರ ತಲೆನೋವು, ಮುಖ ಊತ ಕಂಡರೆ

ನಾಲ್ಕನೆಯ ಲಕ್ಷಣವು ಅಂಡನಾಳದಲ್ಲಿಯೇ ನಿಂತ ಗರ್ಭದ ಗುರುತಾಗಿರಬಹುದು. ಇದು ಜೀವಕ್ಕೆ ಅಪಾಯ. ಕೂಡಲೇ 108ಕ್ಕೆ ಕರೆ ಮಾಡಬೇಕು. ಇತರ ಸಂದೇಹಗಳಿಗೆ 104 ಆರೋಗ್ಯ ಸಹಾಯವಾಣಿಯನ್ನು ಬಳಸಬಹುದು. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್‌ಗಳಿವೆ.

ಮುಕ್ತಾಯ

ಪ್ರತಿ ಮನೆಯಲ್ಲಿಯೂ ಮೂರು ಕೆಲಸಗಳನ್ನು ಇಂದೇ ಆರಂಭಿಸಬಹುದು. ಮೊದಲನೆಯದು, ಹಸುವಿನ ಬೆದೆಯ ಗುರುತಿರುವ ಕ್ಯಾಲೆಂಡರಿನಲ್ಲಿಯೇ ಮುಟ್ಟಿನ ಮೊದಲ ದಿನಕ್ಕೂ ಒಂದು ಚುಕ್ಕೆ ಹಾಕುವುದು. ಆರು ತಿಂಗಳ ಚುಕ್ಕೆಗಳು ವೈದ್ಯರಿಗೆ ಅರ್ಧ ರೋಗನಿದಾನವನ್ನು ಒದಗಿಸುತ್ತವೆ. ಎರಡನೆಯದು, ಸುಗ್ಗಿಯ ಕೆಲಸ ಮುಗಿದ ಬಿಡುವಿನಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಹಾಗೂ 30 ದಾಟಿದವರು ಗರ್ಭಕೊರಳಿನ ಪರೀಕ್ಷೆ ಮಾಡಿಸುವುದು. ಮೂರನೆಯದು, ಬಚ್ಚಲ ನೀರು ಹರಿಯುವ ಜಾಗದಲ್ಲಿ ಒಂದು ನುಗ್ಗೆ, ಒಂದು ನಿಂಬೆ, ನಾಲ್ಕು ಸಾಲು ಸೊಪ್ಪಿನ ಕೈತೋಟ ಮಾಡುವುದು. ಕೈತೋಟದ ಬಗ್ಗೆ ಹಿರೇಹಳ್ಳಿ ಹಾಗೂ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಬಹುದು.

ಈ ಲೇಖನವನ್ನು ಓದುತ್ತಿರುವ ರೈತ ಬಾಂಧವರು ತಮ್ಮ ಪತ್ನಿ, ತಾಯಿ, ಮಗಳು, ಸೊಸೆಯ ಮುಂದೆ ಇದನ್ನು ಓದಿ ಹೇಳುವುದು ಅಪೇಕ್ಷಣೀಯ. ಮನೆಯ ಗಂಡಸು ಈ ಮಾತನ್ನು ನಾಚಿಕೆಯಿಲ್ಲದೆ ಆಡಿದರೆ ಹೆಣ್ಣುಮಕ್ಕಳಿಗೆ ತೊಂದರೆಯನ್ನು ಮೊದಲ ತಿಂಗಳಲ್ಲೇ ಹೇಳುವ ಧೈರ್ಯ ಬರುತ್ತದೆ, ಮತ್ತು ಮೊದಲ ತಿಂಗಳಲ್ಲೇ ಹೇಳಿದ ತೊಂದರೆಗೆ ಬಹುಪಾಲು ಮಾತ್ರೆಯಷ್ಟೇ ಸಾಕಾಗುತ್ತದೆ.